ಮತದಿಂದ ಮನವನ್ನು ಅಳೆಯುವುದು

ಮೈಸೂರಿನ ಕುಂಬಾರಕೊಪ್ಪಲಿನ ಹೆಸರು ಕೇಳಿದೊಡನೆ ಮಡಕೆಯ ನೆನಪಾಗುತ್ತದೆ. ಮಡಕೆ ಕೊಳ್ಳುವವರು ಅದನ್ನು ಸುತ್ತಲೂ ತಟ್ಟಿ, ನಾದದಿಂದ ಗುಣವನ್ನು ಅರಿಯುತ್ತಾರೆ. ಒಂದೇ ಪೆಟ್ಟನ್ನು ನಂಬುವುದಿಲ್ಲ. ಶಾಸಕರ ನಿಲುವನ್ನೂ ಹೀಗೆಯೇ ಅರಿಯಬಹುದೇ?

ಅಮೆರಿಕದ ವಿದ್ವಾಂಸರಾದ ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂತಾಲ್ 1980ರ ದಶಕದಲ್ಲಿ ಇದಕ್ಕೊಂದು ಗಣಿತಮಾರ್ಗವನ್ನು ರೂಪಿಸಿದರು. ತಮ್ಮ ದೇಶದ ಶಾಸಕರು ನೀಡಿದ ಮತಗಳನ್ನೆಲ್ಲ ಕಲೆಹಾಕಿದರು. ಪದೇ ಪದೇ ಒಂದೇ ಕಡೆ ಮತ ನೀಡಿದವರಿಗೆ ಗೆರೆಯೊಂದರ ಮೇಲೆ ಹತ್ತಿರದ ಸ್ಥಾನ; ಎದುರಾಗಿ ನೀಡಿದವರಿಗೆ ದೂರದ ಸ್ಥಾನ. 1970ರ ದಶಕದಿಂದೀಚೆಗೆ ಅಲ್ಲಿನ ಎರಡು ಪಕ್ಷಗಳ ನಡುವಣ ಅಂತರ ಹಿಗ್ಗಿರುವುದು ಈ ಅಳತೆಯಿಂದ ಕಂಡುಬಂದಿತು.

ನಮ್ಮ ವಿಧಾನಸಭೆಗೆ ಈ ಅಳತೆಗೋಲು ಒಗ್ಗುವುದು ಕಷ್ಟ. ಇಲ್ಲಿ ಹೆಚ್ಚಿನ ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ. ಆಗ ಒಬ್ಬೊಬ್ಬರ ಮತ ದಾಖಲಾಗುವುದಿಲ್ಲ. ಮೇಲಾಗಿ, 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ಆಜ್ಞೆಯನ್ನು ಮೀರಿ ಮತ ನೀಡಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. 2019ರ ಜುಲೈ 23ರಂದು ಬೆಂಗಳೂರಿನಲ್ಲಿ ವಿಶ್ವಾಸಮತಕ್ಕೆ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದು ಸರ್ಕಾರ ಉರುಳಿತು. ಆ ಅಂಕಿಗಳು ಪಕ್ಷಗಳ ಬಲವನ್ನು ಹೇಳಿದವು, ಸದಸ್ಯರ ಅಂತರಂಗವನ್ನಲ್ಲ.

ಪಕ್ಷಾಂತರವನ್ನು ತಡೆಯುವುದು ಅಗತ್ಯವೇ. ಆದರೆ ಪ್ರತಿನಿಧಿಯ ಮನಸ್ಸನ್ನು ಪ್ರಜೆ ಅರಿಯುವ ದಾರಿ ಅದರಿಂದ ಕಿರಿದಾಯಿತು. ಆದುದರಿಂದ ಅವರು ಸದನದಲ್ಲಿ ಆಡಿದ ಮಾತನ್ನೂ ಕೇಳಿದ ಪ್ರಶ್ನೆಗಳನ್ನೂ ನಾವು ವರ್ಷವರ್ಷವೂ ಗಮನಿಸಬೇಕು. ಮಡಕೆಗೆ ತೋರುವಷ್ಟು ಎಚ್ಚರವನ್ನಾದರೂ ಮತ ಕೊಡುವಾಗ ತೋರಬೇಡವೇ?