ಟೊಂಗೆಯಲ್ಲಿ ಜೇನಿನ ಪಾಲು ಕಂಡರೆ ಏನು ಮಾಡಬೇಕು?

ಮಳೆ ಮುಗಿದು ಕಾಡಿನಲ್ಲಿ ಹೂವು ಶುರುವಾದ ಮೇಲೆ ನಮ್ಮ ಮಂಚಿಕೇರಿ ಕಡೆ ತುಡುವೆ ಜೇನು ಪಾಲಾಗ್ತದೆ. ಗೂಡಿನಲ್ಲಿ ನೊಣ ಹೆಚ್ಚಾಗಿ ಜಾಗ ಸಾಲದಾದಾಗ ಹಳೇ ರಾಣಿ ಒಂದಷ್ಟು ನೊಣಗಳ ಜೊತೆ ಹೊರಬಿದ್ದು, ಹತ್ತಿರದ ಟೊಂಗೆಗೆ ಗೊಂಚಲಾಗಿ ಕೂರುತ್ತದೆ. ಇದು ಗೂಡಲ್ಲ, ದಾರಿಯಲ್ಲಿ ತಂಗಿದ್ದು ಅಷ್ಟೆ. ಹೊಸ ಪೊಟರೆ ಸಿಕ್ಕಿದ ಕೂಡಲೇ ಎದ್ದು ಹೋಗ್ತದೆ. ಕೆಲವು ತಾಸು ಇದ್ದೀತು, ಒಮ್ಮೊಮ್ಮೆ ಒಂದೆರಡು ದಿನ.

ಕಂಡ ಕೂಡಲೇ ಬೆಂಕಿ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆಗಳು ರಾಶಿ ರಾಶಿ ಖಾಲಿಯಾದವು. ಅದನ್ನು ತಾಳಿ ಉಳಿದವುಗಳ ಸಂತಾನವೇ ಇಂದಿನ ಜೇನು. ನನ್ನದು ಮಳೆ ನಂಬಿದ ಬೇಸಾಯ. ಸೌತೆ, ಕುಂಬಳ, ಹಾಗಲ ಕಾಯಿ ಕಚ್ಚಬೇಕಾದರೆ ನೊಣ ಬೇಕೇ ಬೇಕು.

ಮೊದಲು ಯಾವ ಜೇನು ನೋಡಿ

ವಲಸೆ ಹೋಗುವ ಹೆಜ್ಜೇನೂ ಹೀಗೇ ಮರದಲ್ಲಿ ತಂಗ್ತದೆ. ಅದರ ನೊಣ ತುಡುವೆಗಿಂತ ಬಹಳ ದೊಡ್ಡದು. ಪೆಟ್ಟಿಗೆಗೆ ಒಗ್ಗುವುದಿಲ್ಲ. ಮಕ್ಕಳು, ದನಕರು ಹತ್ತಿರ ಹೋಗದಂತೆ ನೋಡಿಕೊಳ್ಳಿ, ತಾನಾಗಿ ಹೋಗ್ತದೆ.

ಪಾಲಾದ ತುಡುವೆ ಸಾಧು. ಹೊಟ್ಟೆ ತುಂಬ ತುಪ್ಪ ಕುಡಿದು ಹೊರಟಿರುತ್ತದೆ, ಕಾಯಲು ಮರಿಯೂ ಇಲ್ಲ. ಆದರೂ ಮುಖಕ್ಕೆ ಬಲೆ ಇರಲಿ. ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ತುಂಬುವ ಕ್ರಮ

1. ಪೆಟ್ಟಿಗೆ ಒಳಗೆ ಜೇನುಮೇಣ ಸವರಿ. ಮಜ್ಜಿಗೆ ಹುಲ್ಲು ತಿಕ್ಕಿದರೂ ಆಗ್ತದೆ. ನೊಣಗಳು ಒಂದನ್ನೊಂದು ಕರೆಯುವ ವಾಸನೆಗೂ ಈ ಹುಲ್ಲಿನ ವಾಸನೆಗೂ ಹೋಲಿಕೆ ಉಂಟು.

2. ಗೊಂಚಲಿಗೆ ತೆಳುವಾಗಿ ನೀರು ಚಿಮುಕಿಸಿ. ನೊಣ ಹಾರದೆ ಒತ್ತಾಗಿ ಕೂರುತ್ತದೆ.

3. ಪೆಟ್ಟಿಗೆಯನ್ನು ಗೊಂಚಲಿನ ಕೆಳಗೇ ಹಿಡಿದು ಟೊಂಗೆಯನ್ನು ಒಮ್ಮೆ ಜೋರಾಗಿ ಒದರಿ. ಎತ್ತರದಲ್ಲಿದ್ದರೆ ಬಟ್ಟೆ ಚೀಲದಲ್ಲಿ ಹಿಡಿದು ತಂದು ಸುರುವಿ.

4. ರಾಣಿ ಒಳಗೆ ಬಿದ್ದಿದ್ದರೆ ಉಳಿದವು ತಾವೇ ಸಾಲುಗಟ್ಟಿ ಒಳ ಹೋಗ್ತವೆ. ತಿರುಗಿ ಟೊಂಗೆಗೇ ಹೋದರೆ ರಾಣಿ ಅಲ್ಲೇ ಇದೆ ಅಂತ ಅರ್ಥ. ಮತ್ತೊಮ್ಮೆ ಒದರಿ.

5. ಕತ್ತಲಾಗಿ ಎಲ್ಲ ಒಳಸೇರಿದ ಮೇಲೆ ಪೆಟ್ಟಿಗೆ ಒಯ್ದು ನೆರಳಿನಲ್ಲಿಡಿ. ಇರುವೆ ಹತ್ತದಂತೆ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ.

ಹಾರಿ ಹೋಗದಂತೆ

ಬಹಳ ಜನ ರಾಣಿ ಗೇಟು ಹಾಕಿ ತಿಂಗಳಾದರೂ ತೆಗೆಯುವುದಿಲ್ಲ. ಇದು ಅಪಾಯ. ಮೊದಲ ಪಾಲಿನಲ್ಲಿ ಹಳೇ ರಾಣಿ ಇರುತ್ತದೆ. ಅದರ ಹಿಂದೆ ಹೊರಟ ಸಣ್ಣ ಪಾಲಿನಲ್ಲಿ ಇರುವುದು ಎಳೇ ರಾಣಿ. ಅದು ಹೊರಗೆ ಹಾರಿ ಗಂಡು ನೊಣಗಳನ್ನು ಕೂಡಿ ಬರಬೇಕು. ಗೇಟಿನ ಒಳಗೇ ಉಳಿದರೆ ಆಮೇಲೆ ಇಡುವ ಮೊಟ್ಟೆಯೆಲ್ಲ ಗಂಡು ನೊಣವೇ ಆಗಿ ಕುಟುಂಬ ನಾಶ. ಹಾಗಾಗಿ ಎರಡು-ಮೂರು ದಿನದಲ್ಲಿ ಎರಿ ಕಟ್ಟಲು ಶುರುಮಾಡಿದ ಕೂಡಲೇ ಗೇಟು ತೆಗೆಯಿರಿ.

ಇದಕ್ಕಿಂತ ಒಳ್ಳೇ ಉಪಾಯ, ನಿಮ್ಮದೇ ಇನ್ನೊಂದು ಪೆಟ್ಟಿಗೆಯಿಂದ ಮರಿ ಇರುವ ಒಂದು ಎರಿ ಕೊಡುವುದು. ಮರಿ ಬಿಟ್ಟು ಹೋಗಲು ನೊಣಕ್ಕೆ ಸುಲಭಕ್ಕೆ ಮನಸ್ಸಾಗದು. ಆದರೆ ಆ ಪೆಟ್ಟಿಗೆ ಆರೋಗ್ಯವಾಗಿರಬೇಕು. ಮರಿಹುಳ ತಲೆ ಮೇಲೆತ್ತಿ, ನೀರು ತುಂಬಿದ ಚೀಲದ ಹಾಗೆ ಸತ್ತಿದ್ದರೆ ಸ್ಯಾಕ್‌ಬ್ರೂಡ್. ಅಂಥ ಎರಿ ಮುಟ್ಟಬೇಡಿ. ಹೊಸ ಪಾಲನ್ನೂ ಕೆಲವು ದಿನ ಹಳೇ ಪೆಟ್ಟಿಗೆಗಳಿಂದ ದೂರವಿಟ್ಟು ನೋಡಿ.

ಒಂದು ವಾರ ಸಂಜೆ ಹೊತ್ತು ಸಮ ಸಮ ಸಕ್ಕರೆ-ನೀರು ಕೊಡಿ. ಎರಿ ತುಂಬುವ ತನಕ ತುಪ್ಪದ ಆಸೆ ಬೇಡ. ಪೆಟ್ಟಿಗೆ ಇಲ್ಲದಿದ್ದರೆ ಜೇನು ಸಾಕುವ ನೆರೆಯವರಿಗೆ ಹೇಳಿಕಳಿಸಿ. ಅವರೂ ಇಲ್ಲವೇ, ಸುಮ್ಮನೆ ಬಿಟ್ಟುಬಿಡಿ. ಕಾಡಿನ ಪೊಟರೆ ಸೇರಿದರೂ ನಮ್ಮ ಹೊಲದ ಹೂವಿಗೆ ಬಂದೇ ಬರ್ತದೆ.