ಕಸದಿಂದ ರಸ: ಮೊದಲು ಲೆಕ್ಕ, ಆಮೇಲೆ ಕತ್ತರಿ



‘ಕಸದಿಂದ ರಸ’ ಸ್ಪರ್ಧೆಯನ್ನು ನೋಡದೆ ಪ್ರೌಢಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ನೀರಿನ ಬಾಟಲಿಗೆ ಬಣ್ಣ ಬಳಿದು, ಮಿಂಚಿನ ಪುಡಿ ಅಂಟಿಸಿದರೆ ಪೆನ್ ಸ್ಟ್ಯಾಂಡ್ ಸಿದ್ಧ. ಸ್ವಲ್ಪ ದಿನಗಳ ನಂತರ ಅದು ಕಸದ ಬುಟ್ಟಿಗೆ ಬೀಳುತ್ತದೆ. ಬರೀ ಬಾಟಲಿಯಾಗಿದ್ದಾಗ ಅದನ್ನು ಗುಜರಿಯವರು ಕೊಳ್ಳುತ್ತಿದ್ದರು. ಈಗ ಬಣ್ಣ, ಅಂಟು, ಮಿಂಚು ಮೆತ್ತಿಕೊಂಡಿರುವುದರಿಂದ ಅದು ಯಾರಿಗೂ ಬೇಡ. ನಾವು ಕಸದಿಂದ ರಸ ಮಾಡಲಿಲ್ಲ, ಮಾರಾಟವಾಗುವ ವಸ್ತುವನ್ನು ಕಸ ಮಾಡಿದೆವು.

ಅರ್ಥಶಾಸ್ತ್ರದಲ್ಲಿ ನಾವು ಓದುವ ‘ಅವಕಾಶ ವೆಚ್ಚ’ ಇದೇ. ರದ್ದಿ ಪುಕ್ಕಟೆಯಲ್ಲ. ಅದನ್ನು ಆರಿಸಿ, ಬೇರ್ಪಡಿಸಿ ಮಾರಿ ಬದುಕುವವರು ನಮ್ಮ ನಗರದಲ್ಲಿದ್ದಾರೆ. ತ್ಯಾಜ್ಯ ಆಯುವವರ ಜೊತೆ ಕೆಲಸ ಮಾಡುವ ‘ಹಸಿರು ದಳ’ ಸಂಸ್ಥೆಯು ಅವರ ಮಕ್ಕಳಿಗಾಗಿ ‘ಬುಗುರಿ’ ಎಂಬ ಸಮುದಾಯ ಗ್ರಂಥಾಲಯವನ್ನು 2017ರಲ್ಲಿ ಆರಂಭಿಸಿತು. ಅದು ನಮ್ಮ ಇಟ್ಟಮಡುವಿಗೆ ಹತ್ತಿರದ ಬನಶಂಕರಿಯಲ್ಲೇ. ಆ ಮಕ್ಕಳ ಮನೆಯ ಊಟ ನಾವು ಎಸೆಯುವ ಒಣ ಕಸದ ಬೆಲೆಯಿಂದ ಬರುತ್ತದೆ. ಆದ್ದರಿಂದ ಹದಿಹರೆಯದವರಿಗೆ ಗ್ರಂಥಾಲಯದಲ್ಲಿ ಕರಕುಶಲ ತರಗತಿ ನಡೆಸುವಾಗ ಒಂದು ನಿಯಮ ಇರಲಿ: ಮಾಡಿದ ವಸ್ತು ಬಳಕೆಗೆ ಬರಬೇಕು, ಬಳಸಿ ಮುಗಿದ ಮೇಲೂ ರದ್ದಿಗೆ ಹೋಗುವಂತಿರಬೇಕು.

ಏನು ಮಾಡಬಹುದು?

ಗ್ರಂಥಾಲಯಕ್ಕೆ ಒಪ್ಪುವ ಕೆಲಸ ಪುಸ್ತಕ ಕಟ್ಟುವುದು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಜಿಲ್ದ್’ ಎನ್ನುತ್ತೇವೆ, ಕಟ್ಟುವವರು ‘ಜಿಲ್ದ್‌ಸಾಜ್’. ಪರೀಕ್ಷೆ ಮುಗಿದಾಗ ಎಲ್ಲರ ಮನೆಯಲ್ಲೂ ನೋಟ್‌ಬುಕ್‌ಗಳಲ್ಲಿ ಖಾಲಿ ಹಾಳೆ ಉಳಿದಿರುತ್ತದೆ. ಹೊದಿಕೆಗೆ ಹಳೆಯ ಮದುವೆ ಕಾರ್ಡ್ ಸಾಕು, ಪ್ಲಾಸ್ಟಿಕ್ ಪದರ ಇರುವುದು ಬೇಡ.

1. ಲಾಂಗ್ ಬುಕ್ಕಿನ 8 ಖಾಲಿ ಹಾಳೆಗಳನ್ನು ಬಿಡಿಸಿ, ಮೇಲಿನ ಅಂಚು ಕೆಳಗಿನ ಅಂಚಿಗೆ ತಾಗುವಂತೆ ಒಟ್ಟಿಗೆ ಮಡಚಿ. 32 ಪುಟ ಆಗುತ್ತದೆ. ಮಡಿಕೆ ಮೇಲಕ್ಕೆ ಬರುವಂತೆ ಹಿಡಿದರೆ ಗೆರೆಗಳು ಸರಿಯಾಗಿ ಅಡ್ಡಕ್ಕೆ ನಿಲ್ಲುತ್ತವೆ.
2. ಕಾರ್ಡನ್ನು ಹೊರಗೆ ಹೊದಿಸಿ. ಮಡಿಕೆಯ ಮೇಲೆ ದಬ್ಬಳದಿಂದ 3 ತೂತು ಮಾಡಿ: ನಡುವೆ ಒಂದು, ಎರಡು ಬದಿಗೆ ಒಂದೊಂದು.
3. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತನ್ನಿ. ಒಂದು ಬದಿಯ ತೂತಿನಲ್ಲಿ ಒಳಗೆ ಹಾಕಿ. ನಡುವಿನದನ್ನು ಬಿಟ್ಟು ಇನ್ನೊಂದು ಬದಿಯಲ್ಲಿ ಹೊರಗೆ ತೆಗೆಯಿರಿ. ಮತ್ತೆ ನಡುವಿನ ತೂತಿನಲ್ಲಿ ಒಳಗೆ ತನ್ನಿ. ಉದ್ದನೆಯ ದಾರದ ಎರಡು ಬದಿಗೆ ತುದಿಗಳನ್ನಿಟ್ಟು ಗಂಟು ಹಾಕಿ.

ಅಂಟು ಬೇಕಿಲ್ಲ, ಪಿನ್ ಬೇಕಿಲ್ಲ. ತುಂಬಿದ ಮೇಲೆ ದಾರ ಎಳೆದರೆ ಹಾಳೆ ಪುನಃ ರದ್ದಿ.

ವೆಚ್ಚದ ಪಟ್ಟಿ

15 ಜನ ತಲಾ 2 ಪುಸ್ತಕ ಕಟ್ಟುತ್ತಾರೆ ಎಂದುಕೊಳ್ಳೋಣ. ದರಗಳು ಉದಾಹರಣೆಗೆ ಮಾತ್ರ.

ಹಾಳೆ ಮತ್ತು ಕಾರ್ಡ್, 2 ಕೆ.ಜಿ., ಕೆ.ಜಿ.ಗೆ 10 ರೂ.: 20 ರೂ.
ಸೂಜಿ, ದಬ್ಬಳ, ದಾರ: 100 ರೂ.
ಒಟ್ಟು: 120 ರೂ.
ಒಂದು ಪುಸ್ತಕಕ್ಕೆ (120 ÷ 30): 4 ರೂ.

ಮನೆಯಿಂದ ತಂದ ಹಾಳೆಗೂ 20 ರೂಪಾಯಿ ಬರೆದಿದ್ದೇವೆ, ಮಾರಿದ್ದರೆ ಅಷ್ಟು ಸಿಗುತ್ತಿತ್ತು. ಸೂಜಿ, ದಬ್ಬಳ ಮುಂದಿನ ತಿಂಗಳಿಗೂ ಬರುವುದರಿಂದ ಅವು ಬಂಡವಾಳ ವೆಚ್ಚ. ದಾರ ಮುಗಿಯುತ್ತದೆ, ಅದು ಕಂದಾಯ ವೆಚ್ಚ. ಎರಡನೇ ತಿಂಗಳು ಒಂದು ಪುಸ್ತಕದ ವೆಚ್ಚ ಏಕೆ ಇಳಿಯುತ್ತದೆ ಎಂದು ನೀವೇ ಲೆಕ್ಕ ಹಾಕಿ ನೋಡಿ.

ನಡೆಸುವ ಬಗೆ

ನಮ್ಮ ವಯಸ್ಸಿನವರನ್ನು ಚಿಕ್ಕ ಮಕ್ಕಳಂತೆ ಕೂರಿಸಿ ‘ಹೀಗೆ ಕತ್ತರಿಸು, ಹೀಗೆ ಅಂಟಿಸು’ ಎಂದರೆ ಎರಡನೇ ವಾರ ಯಾರೂ ಬರುವುದಿಲ್ಲ. ಜವಾಬ್ದಾರಿ ಕೊಟ್ಟರೆ ಬರುತ್ತಾರೆ. ಒಬ್ಬರು ಹಾಳೆ ಸಂಗ್ರಹಿಸಲಿ, ಒಬ್ಬರು ದಾಸ್ತಾನು ಪುಸ್ತಕ ಬರೆಯಲಿ, ಒಬ್ಬರು ಹೊಲಿಗೆ ಗಟ್ಟಿಯೇ ಎಂದು ಪರೀಕ್ಷಿಸಲಿ, ಒಬ್ಬರು ಖರ್ಚು ಬರೆಯಲಿ. ಒಂದು ಸಲಕ್ಕೆ ಒಂದೇ ಬಗೆಯ ವಸ್ತು ಸಾಕು. ಎರಡು ಗಂಟೆಯ ಕೊನೆಯ ಹದಿನೈದು ನಿಮಿಷ ಗುಡಿಸಿ, ಚೂರುಗಳನ್ನು ಒಣ ಕಸದ ಚೀಲಕ್ಕೆ ಹಾಕಲು ಮೀಸಲಿಡಿ.

ಜಾಗ ಕೇಳಲು ಸಂಕೋಚ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಬಾಡಿಗೆ ಮನೆಯವರು ಕೊಡುವ ಬಾಡಿಗೆಯಲ್ಲೂ ಅದರ ಪಾಲು ಸೇರಿರುತ್ತದೆ. ಗ್ರಂಥಪಾಲಕರಿಗೆ ಒಂದು ಮನವಿ ಬರೆದು, ದಿನ, ಸಮಯ, ಜನರ ಸಂಖ್ಯೆ ತಿಳಿಸಿ. ಸದ್ದಾಗದ ಕೆಲಸ ಎಂಬುದನ್ನೂ ಸೇರಿಸಿ.

ಫಲಿತಾಂಶ ಅಳೆಯುವುದು ಹೇಗೆ?

ಫೋಟೋ ಎಣಿಸಬೇಡಿ. ಕಟ್ಟಿದ 30 ಪುಸ್ತಕಗಳನ್ನು ಗ್ರಂಥಾಲಯದ ಮೇಜಿನ ಮೇಲಿಟ್ಟು, ಟಿಪ್ಪಣಿ ಬರೆಯಲು ಹಾಳೆ ಬೇಕಾದವರು ತೆಗೆದುಕೊಳ್ಳಲಿ. ಒಂದು ತಿಂಗಳ ನಂತರ ಎಷ್ಟು ಉಳಿದಿವೆ ಎಂದು ಎಣಿಸಿ. ಎಲ್ಲವೂ ಹಾಗೇ ಇದ್ದರೆ ಅಂಥ ಪುಸ್ತಕ ಯಾರಿಗೂ ಬೇಕಿರಲಿಲ್ಲ ಎಂದರ್ಥ, ಮುಂದಿನ ತಿಂಗಳು ಬೇರೆ ವಸ್ತು ಯೋಚಿಸಿ. ಒಂದೂ ಉಳಿಯದಿದ್ದರೆ ಇನ್ನೂ 30 ಕಟ್ಟಿ.