ಪ್ರಬಂಧದ ವಿಧಾನ ಭಾಗ: ಎಷ್ಟು ವಿವರ ಬೇಕು?

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಲ್ಯಾಬನ್ನೇ ಕಾಣದವರು, ನಿಮ್ಮನ್ನು ಏನೂ ಕೇಳದೆ ಅದೇ ಪ್ರಯೋಗವನ್ನು ಮಾಡಲು ಸಾಧ್ಯವಾಗುವಷ್ಟು. ಇದು ಅತಿಯಾದ ನಿರೀಕ್ಷೆಯಲ್ಲ. ಕ್ಯಾನ್ಸರ್ ಜೀವವಿಜ್ಞಾನದ ಮರುಪರೀಕ್ಷಾ ಯೋಜನೆಯೊಂದು ಹೆಸರಾಂತ 53 ಪ್ರಬಂಧಗಳ 193 ಪ್ರಯೋಗಗಳನ್ನು ಮತ್ತೆ ಮಾಡಲು ಹೊರಟಿತ್ತು. ಮೂಲ ಲೇಖಕರನ್ನು ವಿಚಾರಿಸದೆ, ಬರೀ ಪ್ರಬಂಧ ಓದಿ ಪೂರ್ತಿಯಾಗಿ ರೂಪಿಸಬಹುದಾದ ಪ್ರಯೋಗ ಅವುಗಳಲ್ಲಿ ಒಂದೂ ಇರಲಿಲ್ಲ. 2021ರ ವರದಿಯ ಹೊತ್ತಿಗೆ ಮುಗಿದದ್ದು 50 ಮಾತ್ರ. ಪ್ರಾಮಾಣಿಕ ದುಡಿಮೆಯೂ ಹೀಗೆ ಇತರರ ಕೈಗೆ ಸಿಗದೆ ಹೋಗುವುದು ನೋವಿನ ಸಂಗತಿ.

ಪದಮಿತಿ ಅಡ್ಡ ಬರುತ್ತದೆ ಎನ್ನುತ್ತೀರಿ. ಪೂರಕ ಕಡತಕ್ಕೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಪ್ರತಿಕಾಯದ ಕ್ಯಾಟಲಾಗ್ ಸಂಖ್ಯೆ, ಸೆಂಟ್ರಿಫ್ಯೂಜ್‌ನ ವೇಗ (ಆರ್‌ಪಿಎಂ ಅಲ್ಲ, ಜಿ ಮಾನದಲ್ಲಿ; ರೋಟರ್ ಬದಲಾದರೆ ಆರ್‌ಪಿಎಂನಿಂದ ಪ್ರಯೋಜನವಿಲ್ಲ) ಅಲ್ಲಿಗೆ ಹೋಗಲಿ. ಕೈಬಿಟ್ಟ ಮಾದರಿಗಳು, ಬಿಟ್ಟ ಕಾರಣ ಮಾತ್ರ ಮುಖ್ಯ ಪಠ್ಯದಲ್ಲೇ ಇರಬೇಕು. ‘ಹಿಂದೆ ವಿವರಿಸಿದಂತೆ’ ಎಂದರೆ ಸಾಕು ಎಂದು ಗೈಡ್ ಹೇಳಿದರೆ, ಆ ಹಳೆಯ ಪ್ರಬಂಧವನ್ನು ತೆರೆದು ನೋಡಿ. ಅದೂ ಇನ್ನೊಂದರತ್ತ ಕೈತೋರಿಸಿದ್ದರೆ, ಹಂತಗಳನ್ನು ನೀವೇ ಬರೆಯಿರಿ. ಫಲಿತಾಂಶಕ್ಕೆ ಕಾಯಬೇಡಿ, ಲ್ಯಾಬ್ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಕರಡನ್ನು ಈಗಲೇ ಶುರುಮಾಡಿ.